ಬೋರ್‌ವೆಲ್ ಲಾರಿ ನೋಡಿ ಗಗನನೌಕೆ ಕಟ್ಟಿ

‘ಸ್ಪೇಸ್ ಎಂಜಿನಿಯರ್ಸ್’ ಎಂಬ ಕಂಪ್ಯೂಟರ್ ಆಟಕ್ಕೆ ಹೊಸದಾಗಿ ಬಂದವರು ಕಟ್ಟುವ ಮೊದಲ ನೌಕೆ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ: ಬೂದುಬಣ್ಣದ ಇಟ್ಟಿಗೆ. ಮುಂದೊಂದು ಕಾಕ್‌ಪಿಟ್, ಹಿಂದೆರಡು ಥ್ರಸ್ಟರ್ (ನೌಕೆಯನ್ನು ತಳ್ಳುವ ಎಂಜಿನ್), ನಡುವೆ ಉದ್ದನೆಯ ಡಬ್ಬ. ಹಾರುತ್ತದೆ, ಅಷ್ಟೇ. ಎರಡನೆಯ ಸಲ ಇಂಟರ್‌ನೆಟ್‌ನಲ್ಲಿ ಗಗನನೌಕೆಯ ಚಿತ್ರ ಹುಡುಕಿ, ಸಿಕ್ಕಿದ್ದನ್ನೇ ಕಟ್ಟಲು ಹೊರಟು ಅರ್ಧಕ್ಕೆ ಕೈಬಿಡುತ್ತಾರೆ. ಬೇರೊಬ್ಬರು ಕಲ್ಪಿಸಿದ ನೌಕೆಯಲ್ಲಿ ಆ ರೆಕ್ಕೆ ಅಲ್ಲೇಕಿದೆ, ಈ ಕೊಳವೆ ಎಲ್ಲಿಗೆ ಹೋಗುತ್ತದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಬೀದಿಯಲ್ಲಿ ನಿಂತ ಯಂತ್ರದಲ್ಲಾದರೆ ಎಲ್ಲವೂ ಕಾಣುತ್ತದೆ. ಹಾಗಾಗಿ ಸ್ಫೂರ್ತಿಗೆ ನೌಕೆಗಳನ್ನು ಬಿಟ್ಟು, ನೆಲದ ಮೇಲೆ ದುಡಿಯುವ ಯಂತ್ರಗಳನ್ನು ಹುಡುಕಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಾಗ್ ನಗರದ ಕೀನ್ ಸಾಫ್ಟ್‌ವೇರ್ ಹೌಸ್ ಇದನ್ನು 2013ರಲ್ಲಿ ಆರಂಭಿಕ ರೂಪದಲ್ಲಿ, 2019ರಲ್ಲಿ ಪೂರ್ಣರೂಪದಲ್ಲಿ ಹೊರತಂದಿತು. ಬ್ಲಾಕ್ ಜೋಡಿಸಿ ನೌಕೆ ಕಟ್ಟಬೇಕು. ಬ್ಲಾಕ್‌ಗಳು ಒಂದಕ್ಕೊಂದು ಕೂಡಿ ಆಗುವ ಚೌಕುಳಿ ಒಡಲಿಗೆ ಗ್ರಿಡ್ ಎನ್ನುತ್ತಾರೆ. ದೊಡ್ಡ ಗ್ರಿಡ್‌ನ ಬ್ಲಾಕ್ 2.5 ಮೀಟರ್, ಚಿಕ್ಕ ಗ್ರಿಡ್‌ನದು 0.5 ಮೀಟರ್. ಮುಂದಿನ ಲೆಕ್ಕಕ್ಕೆಲ್ಲ ಈ ಎರಡು ಅಳತೆಯೇ ಆಧಾರ.

ಮೊದಲು ಕೆಲಸ ಬರೆದಿಡಿ

ನೌಕೆ ಏನು ಮಾಡಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಗ್ರಹದ ಮೇಲೆ ಅದಿರು ಕೊರೆದು ನೆಲೆಗೆ ತರಬೇಕು’ ಎಂದಿದ್ದರೆ ಸಾಕು. ‘ಎಲ್ಲ ಕೆಲಸಕ್ಕೂ ಬರಬೇಕು’ ಎಂದು ಬರೆದವರು ಮತ್ತೆ ಇಟ್ಟಿಗೆಯನ್ನೇ ಕಟ್ಟುತ್ತಾರೆ. ಆಮೇಲೆ, ಅದೇ ಕೆಲಸವನ್ನು ಭೂಮಿಯ ಮೇಲೆ ಯಾವ ಯಂತ್ರ ಮಾಡುತ್ತದೆ ಎಂದು ಯೋಚಿಸಿ. ಸಾಗಾಟಕ್ಕೆ ಟಿಪ್ಪರ್, ರಿಪೇರಿಗೆ ಕ್ರೇನ್, ಗಸ್ತಿಗೆ ನೌಕಾಪಡೆಯ ದೋಣಿ. ಕೊರೆಯುವುದಕ್ಕೆ ನಮ್ಮ ಊರುಗಳಲ್ಲಿ ಬೇಸಿಗೆ ಬಂದರೆ ಸಾಕು, ರಾತ್ರಿಯಿಡೀ ಸದ್ದು ಮಾಡುವ ಬೋರ್‌ವೆಲ್ ಲಾರಿ ಇದ್ದೇ ಇದೆ.

ಲಾರಿಯನ್ನು ಬಿಡಿಸಿ ನೋಡುವುದು

ಈ ಲಾರಿಯನ್ನು ಹತ್ತಿರದಿಂದ ಗಮನಿಸಿ. ರಸ್ತೆಯಲ್ಲಿ ಹೋಗುವಾಗ ಕೊರೆಯುವ ಕಂಬ ಮಲಗಿ ಕ್ಯಾಬಿನ್ನಿನ ಮೇಲೆ ಚಾಚಿರುತ್ತದೆ. ಜಾಗಕ್ಕೆ ಬಂದಮೇಲೆ ಹೈಡ್ರಾಲಿಕ್ ಜಾಕ್‌ಗಳು ನೆಲಕ್ಕೂರಿ ಲಾರಿಯನ್ನು ಎತ್ತಿ ಸಮಮಾಡುತ್ತವೆ, ಕಂಬ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಉದ್ದನೆಯ ಪೈಪುಗಳು ಸಾಲಾಗಿ ಹೊರಗೇ ಕಾಣುತ್ತವೆ. ಕೊರೆಯುವವನ ಲಿವರ್‌ಗಳು ಡ್ರೈವರ್ ಬಳಿ ಇರುವುದಿಲ್ಲ, ಕಂಬದ ಬುಡದಲ್ಲಿರುತ್ತವೆ. ಎಷ್ಟೋ ಕಡೆ ಕಂಪ್ರೆಸರ್ ಬೇರೊಂದು ಲಾರಿಯಲ್ಲಿ ಬಂದು ದಪ್ಪ ರಬ್ಬರ್ ಹೋಸ್‌ನಿಂದ ಜೋಡಣೆಯಾಗುತ್ತದೆ.

ಇಷ್ಟರಲ್ಲೇ ನೌಕೆಯ ವಿನ್ಯಾಸ ಮುಕ್ಕಾಲು ಪಾಲು ಮುಗಿಯಿತು. ಕಂಬದ ಬದಲು ಡ್ರಿಲ್‌ಗಳ ತೋಳು. ಜಾಕ್‌ಗಳ ಬದಲು ಹಿಂದೆ ಮುಂದೆ ಎರಡೆರಡು ಲ್ಯಾಂಡಿಂಗ್ ಗಿಯರ್. ಪೈಪಿನ ಸಾಲಿಗೆ ಅದಿರು ಸಾಗಿಸುವ ಕನ್ವೇಯರ್ ಕೊಳವೆಗಳು. ಅವನ್ನು ಕವಚದೊಳಗೆ ಮುಚ್ಚಿಡದೆ ಪಕ್ಕಕ್ಕೆ ತೆರೆದು ತೋರಿಸಿದರೆ ಬೇರೆ ಅಲಂಕಾರವೇ ಬೇಡ. ಲಿವರ್‌ಗಳ ಜಾಗಕ್ಕೆ, ಡ್ರಿಲ್ ಕಾಣುವ ಹಾಗೆ, ಎರಡನೆಯ ಕಂಟ್ರೋಲ್ ಸೀಟು. ಕಂಪ್ರೆಸರ್ ಲಾರಿಯೇ ನಿಮ್ಮ ಸರಕು ನೌಕೆ, ಹೋಸ್ ಜಾಗದಲ್ಲಿ ಕನೆಕ್ಟರ್ ಬ್ಲಾಕ್. ಅದಿರಿನ ಹೆಚ್ಚು ಪಾಲು ತುಂಬುವ ಭಾಗ ಬೇರೆಯಾದ್ದರಿಂದ ಕೊರೆಯುವ ನೌಕೆ ಚಿಕ್ಕದಾಗಿ, ಚುರುಕಾಗಿ ಉಳಿಯುತ್ತದೆ.

ಲಾರಿಯ ಅಗಲ ಸುಮಾರು ಎರಡೂವರೆ ಮೀಟರ್, ಅಂದರೆ ಚಿಕ್ಕ ಗ್ರಿಡ್‌ನ 5 ಬ್ಲಾಕ್. ಉದ್ದ 10 ಮೀಟರ್ ಎಂದಿಟ್ಟುಕೊಂಡರೆ 20 ಬ್ಲಾಕ್. ಅಗಲಕ್ಕೆ 5 ಬಂದಿದ್ದು ಅನುಕೂಲ. ಬೆಸಸಂಖ್ಯೆಯಿದ್ದರೆ ನಟ್ಟನಡುವೆ ಒಂದು ಸಾಲು ಸಿಗುತ್ತದೆ, ಕಾಕ್‌ಪಿಟ್ಟೂ ತೋಳೂ ಅದರ ಮೇಲೆ ಕೂರುತ್ತವೆ. ಸಮಸಂಖ್ಯೆಯ ಅಗಲದಲ್ಲಿ ಶುರುಮಾಡಿ, ಕಾಕ್‌ಪಿಟ್ ಒಂದು ಬದಿಗೆ ವಾಲಿ, ಎಲ್ಲ ಕಿತ್ತು ಮತ್ತೆ ಕಟ್ಟುವುದು ಈ ಆಟದಲ್ಲಿ ದಿನನಿತ್ಯದ ಗೋಳು.

ಅಳತೆ ಎಲ್ಲಿ ಕೈಕೊಡುತ್ತದೆ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಎಂಬ ಕ್ಷಿಪಣಿ ದೋಣಿ ಈಗ ಮ್ಯೂಸಿಯಂ ಆಗಿ ನಿಂತಿದೆ. ಗಸ್ತು ನೌಕೆಗೆ ಇದಕ್ಕಿಂತ ಒಳ್ಳೆಯ ಮಾದರಿ ಹತ್ತಿರದಲ್ಲಿಲ್ಲ: ತಗ್ಗಿದ ಒಡಲು, ಇಕ್ಕೆಲಗಳಲ್ಲಿ ಎರಡೆರಡರಂತೆ ಕ್ಷಿಪಣಿಯ ಗೂಡುಗಳು. ಈ ವರ್ಗದ ದೋಣಿಯ ಉದ್ದ 38.6 ಮೀಟರ್, ಅಗಲ 7.6 ಮೀಟರ್. ದೊಡ್ಡ ಗ್ರಿಡ್‌ಗೆ ಇಳಿಸಿದರೆ ಉದ್ದ 15 ಬ್ಲಾಕ್, ಅಗಲ ಬರೀ 3.

ಇಲ್ಲೇ ಎಡವುವುದು. ಆ ಮೂರರಲ್ಲಿ ಎಡಗೋಡೆಗೆ ಒಂದು, ಬಲಗೋಡೆಗೆ ಒಂದು ಹೋದರೆ ಉಳಿಯುವುದು ಒಂದು ಓಣಿ ಮಾತ್ರ. ವಿದ್ಯುತ್ ಕೊಡುವ ರಿಯಾಕ್ಟರ್, ಸರಕು, ನೌಕೆಯನ್ನು ತಿರುಗಿಸುವ ಜೈರೊಸ್ಕೋಪ್ ಯಾವುದಕ್ಕೂ ಜಾಗವಿಲ್ಲ. ನಿಜವಾದ ಹಡಗಿನ ಗೋಡೆ ತೆಳು ತಗಡು, ಆಟದ ಗೋಡೆ ಎರಡೂವರೆ ಮೀಟರ್ ದಪ್ಪ. ಆದ್ದರಿಂದ ಒಳಗೆ ಓಡಾಡುವಂತಹ ನೌಕೆಗೆ ನಿಜದ ಅಳತೆಯನ್ನು ದುಪ್ಪಟ್ಟು ಮಾಡಿ. ಉದ್ದ 31 ಬ್ಲಾಕ್, ಅಗಲ 6 ಬರುತ್ತದೆ; ಬೆಸಸಂಖ್ಯೆಗಾಗಿ ಅಗಲವನ್ನು 7 ಮಾಡಿಕೊಂಡರೆ ಉಸಿರಾಡಬಹುದು. ಅನುಪಾತ ತೀರಾ ಕೆಡದಿದ್ದರೆ ದೋಣಿಯ ಗುರುತು ಉಳಿದೇ ಉಳಿಯುತ್ತದೆ.

ಮಾದರಿ ಯಂತ್ರದ ಫೋಟೊ ತೆಗೆಯುವಾಗ ನೇರ ಪಕ್ಕದಿಂದ, ನೇರ ಮುಂದಿನಿಂದ, ಸಾಧ್ಯವಾದರೆ ಮೇಲಿನಿಂದ ತೆಗೆಯಿರಿ. ಓರೆಯಾಗಿ ತೆಗೆದ ಸುಂದರ ಚಿತ್ರದಿಂದ ಅಳತೆ ಸಿಗುವುದಿಲ್ಲ. ಹನ್ನೆರಡು ಚಿತ್ರ ಸಾಕು. ಅದರಲ್ಲಿ ಅರ್ಧದಷ್ಟು ಕೀಲು, ಬೆಸುಗೆ, ಮೆಟ್ಟಿಲು, ಮುಚ್ಚಳಗಳದ್ದಿರಲಿ. ನೂರು ಚಿತ್ರ ಕೂಡಿಟ್ಟವರು ಕಟ್ಟುವುದನ್ನೇ ಮರೆಯುತ್ತಾರೆ.

ಕಪ್ಪು ನೆರಳಿನ ಪರೀಕ್ಷೆ

ಪಕ್ಕದ ನೋಟವನ್ನು ಚೌಕುಳಿ ಹಾಳೆಯ ಮೇಲೆ ಬರೆದು, ಒಂದು ಮನೆಗೆ ಒಂದು ಬ್ಲಾಕ್ ಎಂದು ಲೆಕ್ಕವಿಟ್ಟು, ಪೂರ್ತಿ ಕಪ್ಪು ಬಳಿಯಿರಿ. ಆರಡಿ ದೂರದಿಂದ ನೋಡಿದಾಗ ಯಾವುದು ಮುಂದು, ಯಾವುದು ಹಿಂದು, ಇದರ ಕೆಲಸವೇನು ಎಂಬುದು ತಿಳಿಯಬೇಕು. ತಿಳಿಯದಿದ್ದರೆ ಬಣ್ಣ, ದೀಪ ಯಾವುದೂ ಅದನ್ನು ಉಳಿಸದು.

ಆಮೇಲೆ, ಸಾಮಗ್ರಿ ಕೂಡಿಹಾಕದೆ ಕಟ್ಟಬಹುದಾದ ಕ್ರಿಯೇಟಿವ್ ಮೋಡ್‌ನಲ್ಲಿ ಕಟ್ಟಿ. ‘ಎಂ’ ಕೀಲಿ ಒತ್ತಿ ಸಿಮೆಟ್ರಿ ತಲವನ್ನು ನಟ್ಟನಡುವಿನ ಸಾಲಿನ ಮೇಲಿಟ್ಟು, ‘ಎನ್’ ಒತ್ತಿದರೆ ಎಡಕ್ಕೆ ಇಟ್ಟ ಬ್ಲಾಕ್ ಬಲಕ್ಕೂ ಬರುತ್ತದೆ. ಮೊದಲು ಥ್ರಸ್ಟರ್, ಸರಕು, ವಿದ್ಯುತ್, ಕನ್ವೇಯರ್. ಅವು ಕೆಲಸ ಮಾಡುವುದು ಖಾತ್ರಿಯಾದಮೇಲೆ ಕವಚ. ಹೊದಿಕೆ ಮೊದಲು ಕಟ್ಟಿ ಒಳಗೆ ಯಂತ್ರ ತುರುಕಲು ಹೋದರೆ ಕೊನೆಗೊಂದು ಕೊಳವೆ ಸೇರುವುದೇ ಇಲ್ಲ.

ತೂಕದ ಲೆಕ್ಕ

ಕೊರೆಯುವ ನೌಕೆ ಖಾಲಿಯಿದ್ದಾಗ ಮೇಲೇರುತ್ತದೆ, ತುಂಬಿದಾಗ ಗುಂಡಿಯಲ್ಲೇ ಕೂರುತ್ತದೆ. ಭೂಮಿಯಂತಹ ಗ್ರಹದಲ್ಲಿ ಟನ್ನಿಗೆ 9.81 ಕಿಲೋನ್ಯೂಟನ್ ಬಲ ಬೇಕು. ಖಾಲಿ ನೌಕೆ 20 ಟನ್ ಎಂದರೆ 196 ಕಿಲೋನ್ಯೂಟನ್. ಚಿಕ್ಕ ಗ್ರಿಡ್‌ನ ಚಿಕ್ಕ ಅಟ್ಮಾಸ್ಫಿಯರಿಕ್ ಥ್ರಸ್ಟರ್ ಒಂದಕ್ಕೆ 96 ಕಿಲೋನ್ಯೂಟನ್ ಸಾಮರ್ಥ್ಯ. ಮೂರು ಸಾಕು ಅನಿಸುತ್ತದೆ. 30 ಟನ್ ಅದಿರು ತುಂಬಿ 50 ಟನ್ ಆದಾಗ ಬೇಕಿರುವುದು 490. ಆರು ಹಾಕಿದರೆ 576, ಜೀವಕ್ಕೆ ಕುತ್ತಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಈ ಬಲವೂ ಕುಗ್ಗುವುದರಿಂದ ಎಂಟು ಹಾಕುವುದು ಕ್ಷೇಮ. ನಿರ್ವಾತದಲ್ಲಿ ಇವು ಕೆಲಸವೇ ಮಾಡುವುದಿಲ್ಲ. ಬಾಹ್ಯಾಕಾಶಕ್ಕೂ ಹೋಗಬೇಕಾದರೆ ಹೈಡ್ರೋಜನ್ ಥ್ರಸ್ಟರ್ ಸೇರಿಸಿ. ಥ್ರಸ್ಟರ್‌ನ ಬಾಯಿಗೆ ಎದುರಾಗಿ ಬ್ಲಾಕ್ ಇಟ್ಟರೆ ಜ್ವಾಲೆ ಅದನ್ನು ಸುಡುತ್ತದೆ ಎಂಬುದು ನೆನಪಿರಲಿ.

ಹೆವಿ ಆರ್ಮರ್, ಅಂದರೆ ಭಾರದ ಕವಚದ ಮೋಹವೂ ಇಲ್ಲೇ ಕಾಡುವುದು. ದೊಡ್ಡ ಗ್ರಿಡ್‌ನಲ್ಲಿ ಲೈಟ್ ಆರ್ಮರ್ ಬ್ಲಾಕ್ 500 ಕಿಲೋ, ಹೆವಿ ಅದರ ಆರು ಪಟ್ಟಿಗೂ ಹೆಚ್ಚು. ಜಗಳಕ್ಕೆ ಹೋಗದ ನೌಕೆಗೆ ಅದು ಬೇಡ.

ಮೇಲ್ಮೈಗೆ ಸೋಮನಾಥಪುರ

ಕವಚ ಮುಗಿದಮೇಲೆ ಬೋಳು ಗೋಡೆ ಕಣ್ಣು ಕುಕ್ಕುತ್ತದೆ. ಸಿಕ್ಕಸಿಕ್ಕಲ್ಲಿ ಸಣ್ಣ ಬ್ಲಾಕ್ ಅಂಟಿಸಿದರೆ ಗುಜರಿಯಂತಾಗುತ್ತದೆ. ಹೊಯ್ಸಳ ಶಿಲ್ಪಿಗಳು ಈ ಸಮಸ್ಯೆಯನ್ನು ಹದಿಮೂರನೆಯ ಶತಮಾನದಲ್ಲೇ ಬಿಡಿಸಿದ್ದಾರೆ. ಸೋಮನಾಥಪುರದ ಕೇಶವ ದೇವಾಲಯದ ಗೋಡೆ ನೆಟ್ಟಗೆ ಹೋಗುವುದಿಲ್ಲ, ಮೂಲೆಮೂಲೆಗೂ ಮುಂದೆ ಬಂದು ಹಿಂದೆ ಸರಿಯುತ್ತದೆ. ಬುಡದಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳು ಅಡ್ಡಡ್ಡ ಸಾಗುತ್ತವೆ, ಮೇಲೆ ಚಾಚಿದ ಅಂಚು ನೆರಳು ಬೀಳಿಸುತ್ತದೆ.

ಹದಿನಾರು ಮೊನೆಯ ಆ ನಕ್ಷತ್ರವನ್ನೇ ಕಟ್ಟಲು ಹೋಗಬೇಡಿ. ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸಿದರೆ ಬರುವ ಆಕಾರ ಅದು, ಗ್ರಿಡ್ ಅದಕ್ಕೆ ಒಪ್ಪುವುದಿಲ್ಲ. ಹಿಂದುಮುಂದಿನ ಲಯ ಮಾತ್ರ ತೆಗೆದುಕೊಳ್ಳಿ: ನಾಲ್ಕು ಬ್ಲಾಕಿಗೊಮ್ಮೆ ಗೋಡೆಯನ್ನು ಒಂದು ಬ್ಲಾಕ್ ಒಳಕ್ಕೆ ಸರಿಸಿ, ಸಣ್ಣ ವಿವರಗಳನ್ನೆಲ್ಲ ಒಂದೇ ಅಡ್ಡಪಟ್ಟಿಗೆ ಸೀಮಿತಗೊಳಿಸಿ, ಮೇಲಂಚನ್ನು ಒಂದು ಬ್ಲಾಕ್ ಹೊರಚಾಚಿ. ಉಳಿದ ಮೈ ಖಾಲಿಯಿರಲಿ. ಬಣ್ಣ ಮೂರು ಮೀರದಿರಲಿ. ಬೋರ್‌ವೆಲ್ ಲಾರಿಯಲ್ಲೂ ಅಷ್ಟೇ ಇರುತ್ತದೆ, ಮಿನುಗುವ ದೀಪದ ಸರ ಬೇರೆ ಮಾತು.

ತೋಳನ್ನು ಮಡಚುವ ಮುನ್ನ

ಡ್ರಿಲ್ ತೋಳನ್ನು ಲಾರಿಯಂತೆ ನಿಜವಾಗಿಯೂ ಮಡಚಬೇಕೆಂದರೆ ಹಿಂಜ್ ಬ್ಲಾಕ್ ಬಳಸಬೇಕು. ಹಿಂಜ್ ಆಚೆಗಿನ ಭಾಗವನ್ನು ಆಟ ಬೇರೆಯೇ ಗ್ರಿಡ್ ಎಂದು ಲೆಕ್ಕಹಾಕುತ್ತದೆ. ಎರಡು ಗ್ರಿಡ್ ಒಂದಕ್ಕೊಂದು ಉಜ್ಜಿದರೆ ನೌಕೆ ಮೈದುಂಬಿದಂತೆ ನಡುಗಿ ಸಿಡಿಯುವುದುಂಟು. ಆಟಗಾರರು ಇದಕ್ಕೆ ‘ಕ್ಲ್ಯಾಂಗ್’ ದೇವರ ಕೋಪ ಎನ್ನುತ್ತಾರೆ. ತೋಳಿನ ಸುತ್ತ ಒಂದು ಬ್ಲಾಕ್ ಜಾಗ ಬಿಡಿ, ತಿರುಗುವ ವೇಗವನ್ನು ನಿಮಿಷಕ್ಕೆ ಒಂದು ಸುತ್ತಿಗಿಂತ ಕಡಿಮೆ ಇಡಿ, ಹಾರುವಾಗ ಹಿಂಜ್ ಲಾಕ್ ಮಾಡಿ. ಮೊದಲ ಸಲ ತೋಳು ಎತ್ತುವ ಮುಂಚೆ ‘ಕಂಟ್ರೋಲ್’ ಜೊತೆ ‘ಬಿ’ ಒತ್ತಿ ಬ್ಲೂಪ್ರಿಂಟ್ (ನೌಕೆಯ ನಕಲು) ಉಳಿಸಿಕೊಳ್ಳಿ. ಆಮೇಲೆ ಏನಾದರೂ ಆಗಲಿ.