ಬಿಯಾನ್ಸೆ ಕೋರ್ಸಿಗೆ ಫೀಸು ಕಟ್ಟುವ ಮುಂಚೆ

ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಗಳು ಈ ಸೆಮಿಸ್ಟರ್ ಅಮೆರಿಕದ ಕಪ್ಪು ಗಾಯಕಿ ಬಿಯಾನ್ಸೆ ಮೇಲೊಂದು ಕೋರ್ಸ್ ತಗೊಂಡಿದ್ದೇನೆ ಅಂದರೆ, ಇಷ್ಟು ಡಾಲರ್ ಸುರಿದು ಹಾಡು ಕೇಳೋದಾ ಅನಿಸುತ್ತದೆ, ಅಲ್ವಾ? ಗಾಬರಿ ಬೇಡ. ಇಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅದರಲ್ಲಿ ಒಂದು ಪಾಲು ಜನರಲ್ ಎಜುಕೇಷನ್, ಅಂದರೆ ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳು. ಇಂಜಿನಿಯರಿಂಗ್‌ನವರೂ ಚರಿತ್ರೆ, ಸಾಹಿತ್ಯ, ಸಮಾಜ ಅಂತ ಒಂದಿಷ್ಟು ಓದಲೇಬೇಕು. ಕಪ್ಪು ಸ್ತ್ರೀವಾದವನ್ನು, ಅಂದರೆ ಕಪ್ಪು ಹೆಂಗಸರ ಬದುಕಿನಿಂದ ಹುಟ್ಟಿದ ಸ್ತ್ರೀವಾದವನ್ನು, ಹಾಡುಗಳ ಮೂಲಕ ಕಲಿಸುವ ಕೋರ್ಸ್ ಎಷ್ಟೋ ಕಡೆ ಆ ಲೆಕ್ಕಕ್ಕೆ ಬರುತ್ತದೆ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 2010ರಲ್ಲೇ ಇಂಥದ್ದು ಶುರುವಾಗಿತ್ತು. 2025ರಲ್ಲಿ ಯೇಲ್ ವಿಶ್ವವಿದ್ಯಾಲಯ ಕೂಡ ಒಂದು ನಡೆಸಿತು.

ಸುಲಭವಾಗಿ ಎ ಗ್ರೇಡ್ ಸಿಗುತ್ತದೆ ಅಂತ ಸೇರಿದವರು ಮೊದಲ ವಾರವೇ ಬೆಚ್ಚುತ್ತಾರೆ. ಓದಲು ಕೊಡುವುದು ಕೋರ್ಟಿನ ತೀರ್ಪಿನಂಥವು. ಉದಾಹರಣೆಗೆ, ಕಾರು ಕಂಪನಿ ಜನರಲ್ ಮೋಟರ್ಸ್ 1964ಕ್ಕೆ ಮುಂಚೆ ಕಪ್ಪು ಹೆಂಗಸರನ್ನು ಕೆಲಸಕ್ಕೇ ತಗೊಂಡಿರಲಿಲ್ಲ. ಆಮೇಲೆ ಕೊನೆಗೆ ಸೇರಿದವರನ್ನು ಮೊದಲು ಮನೆಗೆ ಕಳಿಸುವ ನಿಯಮ ಬಂದಾಗ ಅವರೇ ಹೋದರು. ಕೇಸು ಹಾಕಿದರೆ, 1976ರಲ್ಲಿ ಕೋರ್ಟು ಬಣ್ಣದ ದೂರು ಬೇರೆ, ಹೆಣ್ಣೆಂಬ ದೂರು ಬೇರೆ, ಎರಡನ್ನೂ ಕೂಡಿಸಿ ತರಬೇಡಿ ಅಂದಿತು. ಕಂಪನಿಯಲ್ಲಿ ಬಿಳಿ ಹೆಂಗಸರಿದ್ದರು, ಕಪ್ಪು ಗಂಡಸರೂ ಇದ್ದರು. ಹಾಗಾಗಿ ಭೇದಭಾವವೇ ಇಲ್ಲವಂತೆ! ಈ ಕೇಸನ್ನೇ ಹಿಡಿದು ಕಾನೂನು ಪ್ರೊಫೆಸರ್ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ ಎಂಬ ಮಾತನ್ನು ಮುಂದಿಟ್ಟರು. ಬಣ್ಣ, ಹೆಣ್ಣುತನದಂಥವು ಒಂದರ ಮೇಲೊಂದು ಸೇರಿದಾಗ ಆಗುವ ಅನ್ಯಾಯವೇ ಬೇರೆ ಅಂತ ಅದರ ಅರ್ಥ.

ಕೋರ್ಟಿಗೆ ಕೇಳಿಸದ್ದು ಗ್ರಾಮಫೋನ್ ತಟ್ಟೆಯಲ್ಲಿ ಅದಕ್ಕೂ ಎಷ್ಟೋ ಮುಂಚೆ ಇತ್ತು. 1920ರಲ್ಲಿ ಕಪ್ಪು ಗಾಯಕಿ ಮೇಮಿ ಸ್ಮಿತ್ ಹಾಡಿದ ಬ್ಲೂಸ್ (ಕಪ್ಪು ಜನರ ನೋವಿನ ಹಾಡು) ಭರ್ಜರಿಯಾಗಿ ಮಾರಾಟವಾಯಿತು. ರೆಕಾರ್ಡ್ ಕಂಪನಿಗಳು ಕಪ್ಪು ಗಾಯಕಿಯರನ್ನು ಹುಡುಕಿಕೊಂಡು ಬಂದವು. ಗಂಡನ ಹೊಡೆತ, ಜೈಲು, ಊರು ಬಿಟ್ಟು ಹೋಗುವುದು, ಎಲ್ಲವೂ ಹಾಡಾಯಿತು. 1928ರಲ್ಲಿ ಬ್ಲೂಸ್ ಗಾಯಕಿ ಮಾ ರೇನಿ, ನಾನು ಹೆಂಗಸರ ಜೊತೆಗೇ ಸುತ್ತುತ್ತೇನೆ, ಗಂಡಸರು ನನಗೆ ಇಷ್ಟವಿಲ್ಲ, ಧೈರ್ಯವಿದ್ದರೆ ಸಾಬೀತು ಮಾಡಿ ಎಂಬ ಅರ್ಥದಲ್ಲಿ ಹಾಡಿದಳು. ಆ ಕಾಲಕ್ಕೆ! ಓದು ಬರಹ ಕಲಿಯಲು ಅವಕಾಶ ಸಿಗದ ದುಡಿಯುವ ಹೆಂಗಸರ ವಿಚಾರ ತಿಳಿಯಬೇಕಾದರೆ ಇಂಥ ಹಾಡನ್ನೇ ಕೇಳಬೇಕು. ಕಪ್ಪು ಹೋರಾಟಗಾರ್ತಿ, ಚಿಂತಕಿ ಏಂಜೆಲಾ ಡೇವಿಸ್ 1998ರಲ್ಲಿ ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದರು.

1967ರ ಅರೀಥಾ ಫ್ರಾಂಕ್ಲಿನ್ ಹಾಡು ‘ರೆಸ್ಪೆಕ್ಟ್’ ಅನ್ನು ನೀವೂ ಕೇಳಿರುತ್ತೀರಿ. ಮೂಲದಲ್ಲಿ ಅದು ಮನೆಗೆ ಬಂದಾಗ ಮರ್ಯಾದೆ ಕೇಳುವ ಗಂಡಸಿನ ಹಾಡು. ಅರೀಥಾ ಅದನ್ನು ತಿರುಗಿಸಿ, ಮರ್ಯಾದೆ ಕೇಳುವ ಹೆಣ್ಣಿನ ಹಾಡು ಮಾಡಿದರು.

ಬಿಯಾನ್ಸೆಯ 2016ರ ಲೆಮನೇಡ್ ಆಲ್ಬಂ (ಅದರ ಜೊತೆ ಸಿನಿಮಾ ಕೂಡ ಇದೆ) ಮೇಲ್ನೋಟಕ್ಕೆ ಮೋಸ ಮಾಡಿದ ಗಂಡನ ಕಥೆ. ನಡುವೆ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ದನಿ ಬರುತ್ತದೆ. ಮಕ್ಕಳನ್ನು ಕಳೆದುಕೊಂಡ ಕಪ್ಪು ತಾಯಂದಿರು ಅವರ ಫೋಟೋ ಹಿಡಿದು ಕೂರುತ್ತಾರೆ. ಎಲ್ಲರೂ ಇದನ್ನು ಹೊಗಳಿದರು ಅಂದುಕೊಳ್ಳಬೇಡಿ. ಕಪ್ಪು ಸ್ತ್ರೀವಾದಿ ಬೆಲ್ ಹುಕ್ಸ್ ಅವರೇ, ಇದು ಚೆನ್ನಾಗಿ ಮಾರಾಟವಾಗುವ ಸರಕು ಅಂತ ತಕರಾರು ತೆಗೆದರು. ನನಗೆ ಆ ಮಾತು ಅರ್ಧ ಸರಿ ಅನಿಸುತ್ತದೆ. ಪ್ರಬಂಧ ಬರೆಯಲು ಇಂಥ ಜಗಳವೇ ಒಳ್ಳೆಯ ವಿಷಯ. ಹಾಡು ಚೆನ್ನಾಗಿದೆ ಅಂತ ಬರೆದರೆ ಗ್ರೇಡ್ ಬರುವುದಿಲ್ಲ.

ಊರಿಂದ ಹೊಸದಾಗಿ ಬಂದವರಿಗೆ ಒಂದು ಎಚ್ಚರಿಕೆ. ರ‍್ಯಾಪ್ ಸಾಲುಗಳಲ್ಲಿ ಕಪ್ಪು ಜನರನ್ನು ಹೀಯಾಳಿಸಲು ಬಳಸುತ್ತಿದ್ದ ಆ ಒಂದು ಪದ ಬಂದರೆ, ಓದುವಾಗಲೂ ಬಾಯಲ್ಲಿ ಹೇಳಬೇಡಿ. ಹಾಡಿದವರು ಹೇಳಿದ್ದಾರಲ್ಲ ಎಂಬ ವಾದ ಕ್ಲಾಸಿನಲ್ಲಿ ನಡೆಯುವುದಿಲ್ಲ. ಸುಮ್ನೆ ಕೂತರೂ ಕಷ್ಟ, ಚರ್ಚೆಗೆ ಹೆಚ್ಚಾಗಿ ಅಂಕ ಇರುತ್ತದೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಫೆರ್ಪಾ ಎಂಬ, ವಿದ್ಯಾರ್ಥಿಗಳ ದಾಖಲೆಯನ್ನು ಕಾಪಾಡುವ ಅಮೆರಿಕದ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಗ್ರೇಡ್ ನೋಡುವ ಹಕ್ಕು ವಿದ್ಯಾರ್ಥಿಯದು. ಫೀಸು ನೀವೇ ಕಟ್ಟಿದರೂ, ಅವಳು ಒಪ್ಪದೆ ಕಾಲೇಜು ಸಾಮಾನ್ಯವಾಗಿ ತೋರಿಸುವುದಿಲ್ಲ. ಕೇಳಬೇಕಾದ್ದು ಅವಳನ್ನೇ.

ಕೋರ್ಸ್ ಬೇಡ ಅನಿಸಿದರೆ ಮೊದಲ ಒಂದೆರಡು ವಾರದಲ್ಲೇ ಡ್ರಾಪ್ ಮಾಡಬೇಕು. ತಡವಾದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಡಬ್ಲ್ಯೂ, ಅಂದರೆ ನಡುವೆ ಬಿಟ್ಟದ್ದು, ಅಂತ ಉಳಿಯುತ್ತದೆ. ಫ್ಲಾರಿಡಾದ ಸರ್ಕಾರಿ ಕಾಲೇಜಾದರೆ ಇನ್ನೂ ಜಾಸ್ತಿ ಹುಷಾರಾಗಿರಿ. 2023ರ ಕಾನೂನು ಬಂದ ಮೇಲೆ ಅಲ್ಲಿ ಜನಾಂಗ, ಲಿಂಗದ ಹಲವು ಕೋರ್ಸ್‌ಗಳನ್ನು ಜನರಲ್ ಎಜುಕೇಷನ್ ಪಟ್ಟಿಯಿಂದ ತೆಗೆದಿದ್ದಾರೆ. ಎಲೆಕ್ಟಿವ್ ಆಗಿ, ಅಂದರೆ ಇಷ್ಟವಿದ್ದರೆ ತಗೊಳ್ಳುವ ವಿಷಯವಾಗಿ ಮಾತ್ರ ಉಳಿದಿರಬಹುದು. ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಅಡ್ವೈಸರ್ ಹತ್ತಿರ ಇಮೇಲ್‌ನಲ್ಲಿ ಬರೆಸಿಕೊಂಡು, ಆಮೇಲೆ ರಿಜಿಸ್ಟರ್ ಮಾಡಿ.