ಬಳ್ಳಿ ನೆಡುತ್ತೀರೋ, ಗೆಲ್ಲು ನೆಡುತ್ತೀರೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ತೋಟದಲ್ಲಿ ಮೊದಲ ಸಲ ಒಳ್ಳೆಮೆಣಸು (ಕರಿಮೆಣಸು) ನೆಟ್ಟಾಗ ಐವತ್ತು ತುಂಡುಗಳನ್ನು ಊರಿದ್ದೆ. ಬದುಕಿದ್ದು ಎಂಟು. ಆ ಎಂಟೂ ಚಿಗುರಿ, ಎರಡನೆಯ ಮಳೆಗಾಲಕ್ಕೆ ತೆನೆಯನ್ನೂ ಬಿಟ್ಟವು; ಕಂಗನ್ನು (ಅಡಿಕೆ ಮರವನ್ನು) ಮಾತ್ರ ಹತ್ತಲಿಲ್ಲ. ನೆರೆಮನೆಯ ಮಾವ ಬಂದು ನೋಡಿ, “ನೀನು ನೆಟ್ಟದ್ದು ಗೆಲ್ಲು ಮಾರಾಯ, ಬಳ್ಳಿಯಲ್ಲ. ಹತ್ತುವ ಬುದ್ಧಿ ಅದಕ್ಕೆ ಎಲ್ಲಿಂದ ಬರಬೇಕು?” ಎಂದು ನಕ್ಕರು.

ಮೆಣಸಿನ ಬಳ್ಳಿಯಲ್ಲಿ ಮರಕ್ಕೆ ಅಂಟಿ ಏರುವ ಬಳ್ಳಿ ಬೇರೆ, ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಹಬ್ಬುಬಳ್ಳಿ ಬೇರೆ, ತೆನೆ ಬಿಡುವ ಅಡ್ಡಗೆಲ್ಲು, ಅಂದರೆ ಪಕ್ಕದ ಕೊಂಬೆ, ಬೇರೆ. ಅಡ್ಡಗೆಲ್ಲಿಗೆ ಅಂಟುಬೇರಿಲ್ಲ. ತುಂಡು ಮಾಡಿ ನೆಟ್ಟರೂ ಅದು ತನ್ನ ಹಳೆಯ ಕಸುಬನ್ನು ಮರೆಯುವುದಿಲ್ಲ, ಪೊದೆಯಾಗಿ ಕೆಳಗೇ ಕಾಯುತ್ತದೆ. ಹೀಗೆ ತುಂಡಿನಿಂದ ಗಿಡ ಮಾಡುವುದು ನಿರ್ಲಿಂಗ ರೀತಿಯ ವಂಶಾಭಿವೃದ್ಧಿ: ಪರಾಗವಿಲ್ಲ, ಬೀಜವಿಲ್ಲ, ತಾಯಿಯ ಪಡಿಯಚ್ಚು. ಪಕ್ಕದಲ್ಲೇ ನಿಂತ ಕಂಗು, ತೆಂಗುಗಳ ಬಳಿ ಈ ಆಟ ನಡೆಯದು. ಅವಕ್ಕೆ ಇರುವುದು ನೆತ್ತಿಯ ಒಂದೇ ಕುಡಿ. ಕಡಿದರೆ ಮರವೇ ಹೋಯಿತು. ತೋಟಗಾರನಿಗೆ ಅಲ್ಲಿ ಬೀಜವೇ ಗತಿ.

ಮರ ಹತ್ತುವ ಬಳ್ಳಿ ಬೇಕಾದರೆ ಕೆಲಸ ಮಳೆಗಾಲ ಮುಗಿಯುವ ಹೊತ್ತಿಗೇ ಶುರು. ವರ್ಷ ವರ್ಷವೂ ಚೆನ್ನಾಗಿ ಕಾಯುವ, ರೋಗವಿಲ್ಲದ ತಾಯಿಬಳ್ಳಿಯನ್ನು ಗುರುತಿಸಿ. ಅದರ ಬುಡದ ಹಬ್ಬುಬಳ್ಳಿಗಳನ್ನು ನೆಲಕ್ಕೆ ತಾಗದಂತೆ ಒಂದು ಗೂಟಕ್ಕೆ ಸುತ್ತಿಡಿ. ಫೆಬ್ರವರಿ–ಮಾರ್ಚಿನಲ್ಲಿ ಕತ್ತರಿಸಿ, ಎಳೆಯ ಕೊಡಿಯನ್ನೂ ಬಲಿತ ಬುಡವನ್ನೂ ಬಿಟ್ಟು, ನಡುವಿನ ಭಾಗವನ್ನು ಎರಡು ಮೂರು ಗಂಟುಗಳ ತುಂಡುಗಳಾಗಿ ಮಾಡಿ. ಎಲೆಯನ್ನು ಕತ್ತರಿಸಿ, ತೊಟ್ಟನ್ನು ಉಳಿಸಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹುಡಿಯಾದ ಹಟ್ಟಿಗೊಬ್ಬರ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ (ಚೀಲದಲ್ಲಿ) ಒಂದು ಗಂಟಾದರೂ ಮಣ್ಣೊಳಗೆ ಹೋಗುವಂತೆ ಊರಿ. ತೊಟ್ಟೆಯ ಅಡಿಯಲ್ಲಿ ತೂತುಗಳಿರಲಿ. ತೆಂಗಿನ ಮಡಲಿನ ನೆರಳು ಸಾಕು. ನೀರು ಚಿಮುಕಿಸಿದರಾಯಿತು, ನಿಂತರೆ ಕೊಳೆತೀತು.

ಮಳೆ ಹಿಡಿದ ಮೇಲೆ ಕಂಗಿನ ಬುಡದಿಂದ ಎರಡು ಮೂರು ಅಡಿ ದೂರದಲ್ಲಿ, ಉತ್ತರ ದಿಕ್ಕಿನಲ್ಲಿ ನೆಡಿ. ಬೇಸಗೆಯ ತೆಂಕಣ ಬಿಸಿಲು ಎಳೆಬಳ್ಳಿಗೆ ಆಗದು. ಮೂರನೆಯ ವರ್ಷ ಫಸಲು ಕಾಣಬಹುದು.

ನನ್ನ ಹಾಗೆ ತಪ್ಪಿ ಅಲ್ಲ, ಬೇಕೆಂದೇ ಗೆಲ್ಲು ನೆಡುವವರೂ ಇದ್ದಾರೆ. ಅಂಗಳದ ಚಟ್ಟಿಯಲ್ಲಿ (ಕುಂಡದಲ್ಲಿ) ಮೆಣಸು ಬೇಕಾದರೆ ಇದೇ ದಾರಿ. ಒಂದು ವರ್ಷ ಬಲಿತ ಅಡ್ಡಗೆಲ್ಲನ್ನು ಮೂರರಿಂದ ಐದು ಗಂಟುಗಳಿರುವಂತೆ ಕತ್ತರಿಸಿ, ಬೇರು ಬರಿಸುವ ಹುಡಿಯಲ್ಲಿ ಅದ್ದಿ ಊರಿ, ಇಡೀ ಗಿಡದ ಮೇಲೆ ಪ್ಲಾಸ್ಟಿಕ್ ತೊಟ್ಟೆ ಕವುಚಿ ಕಟ್ಟಿ. ಒಳಗೆ ಪಸೆ ಆರಬಾರದು. ಬೇರು ಬರಲು ತಿಂಗಳ ಮೇಲೆ ಬೇಕು, ಸಾಯುವ ತುಂಡುಗಳೂ ಹೆಚ್ಚು.

ಪಡಿಯಚ್ಚಿಗೆ ಒಂದು ಕುತ್ತವಿದೆ. ತಾಯಿಗೆ ಸೊರಗು ರೋಗವನ್ನು ತಡೆಯುವ ಕಸುವಿಲ್ಲದಿದ್ದರೆ ಮಕ್ಕಳಲ್ಲಿ ಒಬ್ಬರಿಗೂ ಇರುವುದಿಲ್ಲ. ಜಡಿಮಳೆಯ ಒಂದು ಆಟಿ ತಿಂಗಳಲ್ಲಿ ತೋಟಕ್ಕೆ ತೋಟವೇ ಎಲೆ ಉದುರಿಸಿ ನಿಂತದ್ದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಹೊಸ ಗುಣ ಬರಬೇಕಾದರೆ ಗಂಡು ಹೆಣ್ಣು ಕೂಡಬೇಕು.

ಆ ಕೂಡಾಟಕ್ಕೆ ಮೆಣಸಿನಲ್ಲಿ ಮಳೆಯೇ ಮದುವೆಯ ದಲ್ಲಾಳಿ. ಕಾಡುಮೆಣಸಿನಲ್ಲಿ ಗಂಡುಬಳ್ಳಿ, ಹೆಣ್ಣುಬಳ್ಳಿ ಬೇರೆ ಬೇರೆ. ನಾವು ಬೆಳೆಸುವ ತಳಿಗಳಲ್ಲಿ ಹೆಚ್ಚಿನ ಹೂಗಳು ದ್ವಿಲಿಂಗಿಗಳು. ತೆನೆಯ ಹೂವಿನಲ್ಲಿ ಮೊದಲು ಹೆಣ್ಣುಭಾಗ ಬಲಿಯುತ್ತದೆ, ಕೆಲವು ದಿನ ಕಳೆದು ಪರಾಗ ಬಿಡುತ್ತದೆ. ಇಳಿಯುವ ಮಳೆಹನಿ ಪರಾಗವನ್ನು ತೆನೆಯುದ್ದಕ್ಕೂ ಹಂಚುತ್ತದೆ. ಹೂ ಬಿಟ್ಟಾಗ ಮಳೆ ಕೈಕೊಟ್ಟರೆ ಕಾಳು ಕಟ್ಟುವುದಿಲ್ಲ. ಪೋರ್ಚುಗೀಸರು ಬಳ್ಳಿ ಒಯ್ಯುತ್ತಾರೆಂದು ದೂರು ಬಂದಾಗ ಕಲ್ಲಿಕೋಟೆಯ ಅರಸ ಸಾಮೂದಿರಿ, “ಬಳ್ಳಿ ಒಯ್ಯಲಿ, ನಮ್ಮ ಆರಿದ್ರಾ ಮಳೆಯನ್ನು ಒಯ್ಯಲಾರರಷ್ಟೆ” ಎಂದನೆಂಬ ಕಥೆಯನ್ನು ಮಲಯಾಳಿ ಗೆಳೆಯರು ಇಂದಿಗೂ ಹೇಳುತ್ತಾರೆ.

ನೆರೆಯ ಕಣ್ಣೂರು ಜಿಲ್ಲೆಯ ಪನ್ನಿಯೂರು ಸಂಶೋಧನಾ ಕೇಂದ್ರದಲ್ಲಿ ಮನುಷ್ಯರೇ ಈ ದಲ್ಲಾಳಿ ಕೆಲಸ ಮಾಡಿದರು. ಉದಿರನ್‌ಕೊಟ್ಟ ಎಂಬ ತಳಿಗೆ ಚೆರಿಯ ಕಣಿಯಕ್ಕಾಡನ್ ತಳಿಯ ಪರಾಗ ಕೂಡಿಸಿ ಪಡೆದ ಪನ್ನಿಯೂರು-1 ಮೆಣಸಿನ ಮೊದಲ ಸಂಕರ ತಳಿ. ಒಮ್ಮೆ ಒಳ್ಳೆಯ ಮಗು ಹುಟ್ಟಿದ ಮೇಲೆ ಮತ್ತೆ ಕತ್ತರಿಗೇ ಕೆಲಸ: ಇಂದು ನೀವು ತರುವ ಪನ್ನಿಯೂರು ಸಸಿಗಳೆಲ್ಲ ತುಂಡಿನಿಂದ ಬಂದವು.

ಬೀಜದಿಂದ ಬೆಳೆಸಿ ನೋಡುವ ಆಸೆಯಿದ್ದರೆ ಕೆಂಪಾದ ಹಣ್ಣನ್ನು ತಿಕ್ಕಿ, ಸಿಪ್ಪೆ ತೆಗೆದು, ನೆರಳಲ್ಲಿ ಆರಿಸಿ ತಡಮಾಡದೆ ಬಿತ್ತಿ. ಅಂಗಡಿಯ ಒಣಮೆಣಸು ಮೊಳೆಯುವುದಿಲ್ಲ. ಸಸಿ ತಾಯಿಯಂತೆಯೇ ಇದ್ದೀತೆಂದು ಯಾರೂ ಹೇಳಲಾರರು, ಫಸಲಿಗೆ ಕಾಯುವ ವರ್ಷಗಳೂ ಹೆಚ್ಚು. ನಮ್ಮ ಬೇಲಿಯ ಬದಿಯಲ್ಲಿ ಹಕ್ಕಿ ಬಿತ್ತಿದ ಒಂದು ಬಳ್ಳಿ ಹಲಸಿನ ಮರ ಹತ್ತಿ ಐದು ವರ್ಷವಾಯಿತು. ಒಂದು ತೆನೆಯನ್ನೂ ಬಿಟ್ಟಿಲ್ಲ. ಪ್ರತಿ ಆರಿದ್ರಾ ಮಳೆಗೆ ಹೋಗಿ ತಲೆಯೆತ್ತಿ ನೋಡಿ ಬರುತ್ತೇನೆ, ಕತ್ತಿಯನ್ನು ಮನೆಯಲ್ಲೇ ಬಿಟ್ಟು.