ನಡೆಯಲು ಜಾಗ ಬೇಕೆ? ಬೀದಿಯವರೆಲ್ಲ ಸೇರಿ ಹೀಗೆ ಕೇಳಿ

ಕೊಡಗಿನ ಪೇಟೆಗಳಲ್ಲಿ ಎಷ್ಟೋ ಕಡೆ ಫುಟ್‌ಪಾತ್ ಅಂದರೆ ಚರಂಡಿ ಮೇಲಿನ ಸ್ಲ್ಯಾಬ್ ಅಷ್ಟೇ. ಒಂದು ಸ್ಲ್ಯಾಬ್ ಒಡೆದರೂ ಜನ ರಸ್ತೆಗೆ ಇಳಿಯಲೇಬೇಕು. ಮಳೆಗಾಲದಲ್ಲಿ ಪಾಚಿ, ಮಂಜು, ಕೈಯಲ್ಲಿ ಕೊಡೆ. ವಾರಾಂತ್ಯ ಬಂದರೆ ಪ್ರವಾಸಿಗರ ಕಾರುಗಳೂ ಜಾಸ್ತಿ. ಇದನ್ನು ಸರಿ ಮಾಡಿಸಲು ಬೀದಿಯವರೇ ಪ್ರಸ್ತಾವ ಕೊಡಬಹುದು.

ಮೊದಲು ರಸ್ತೆ ಯಾರದು ಅಂತ ತಿಳಿಯಿರಿ. ಅರ್ಜಿಗಳು ದಾರಿ ತಪ್ಪುವುದೇ ಇಲ್ಲಿ. ಒಳಬೀದಿ ಮಡಿಕೇರಿಯಲ್ಲಾದರೆ ನಗರಸಭೆಯದು, ಕುಶಾಲನಗರ, ವಿರಾಜಪೇಟೆಯಲ್ಲಿ ಪುರಸಭೆಯದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುವುದು ರಾಷ್ಟ್ರೀಯ ಹೆದ್ದಾರಿ 275. ಅಲ್ಲಿ ನಗರಸಭೆ ತಾನೇ ಹೋಗಿ ಹಂಪ್ ಹಾಕುವಂತಿಲ್ಲ. ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಆಮೇಲೆ ನಡೆದು ನೋಡಿ. ಬಿಸಿಲಿನ ದಿನ ಬೇಡ. ಮಳೆ ಸುರಿಯುವಾಗ, ಶಾಲೆ ಬಿಡುವ ಹೊತ್ತಿಗೆ ಹೋಗಿ. ವಯಸ್ಸಾದವರೊಬ್ಬರನ್ನೂ ಒಂದು ಮಗುವನ್ನೂ ಜೊತೆಗೆ ಕರೆದುಕೊಳ್ಳಿ. ನಮ್ಮ ಕಣ್ಣಿಗೆ ಬೀಳದ್ದು ಅವರ ಕಾಲಿಗೆ ಗೊತ್ತಾಗುತ್ತದೆ. ಎಲ್ಲಿ ಸ್ಲ್ಯಾಬ್ ಇಲ್ಲ, ಎಲ್ಲಿ ಕಂಬ ಅಡ್ಡ ಇದೆ, ಎಲ್ಲಿ ಬೀದಿದೀಪ ಉರಿಯುವುದಿಲ್ಲ ಎಂದು ನೋಡಿ, ಫೋಟೊ ತೆಗೆದು, ಹತ್ತಿರದ ಗುರುತು ಬರೆಯಿರಿ. ಟೇಪ್ ಹಿಡಿದು ಅಗಲವನ್ನೂ ಅಳೆಯಿರಿ. ರಸ್ತೆಗಳ ಅಳತೆ, ಗುಣಮಟ್ಟ ನಿಗದಿ ಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ 2012ರ ಮಾರ್ಗಸೂಚಿ ಪ್ರಕಾರ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ನಮ್ಮ ಇಕ್ಕಟ್ಟಾದ ಏರು ರಸ್ತೆಗಳಲ್ಲಿ ಎರಡೂ ಬದಿಗೆ ಅಷ್ಟು ಜಾಗ ಎಲ್ಲಿ ಸಿಗುತ್ತದೆ, ಅಲ್ವಾ? ಹಾಗಿದ್ದರೆ ಒಂದೇ ಬದಿಗೆ ಕೇಳಿ, ಆದರೆ ಎಲ್ಲೂ ತುಂಡಾಗದೆ ಉದ್ದಕ್ಕೂ ಇರಲಿ. ಎರಡು ಬದಿಯ ಚೂರುಪಾರಿಗಿಂತ ಇದು ಎಷ್ಟೋ ಮೇಲು.

ಕೇಳುವಾಗ ಸುಮ್ನೆ ‘ಹಂಪ್ ಹಾಕಿ’ ಎನ್ನಬೇಡಿ. ಕಿರಿದಾದ, ಎತ್ತರದ ಹಂಪ್ ಸ್ಕೂಟರಿನವರನ್ನು ಬೀಳಿಸುತ್ತದೆ. ಸರಿಯಾದ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ಸಾಗುವ ದಿಕ್ಕಿಗೆ 3.7 ಮೀಟರ್ ಉದ್ದ. ಮುಂಚೆಯೇ ಕಾಣುವ ಎಚ್ಚರಿಕೆ ಫಲಕವೂ ಬೇಕು. ಜೀಬ್ರಾ ಪಟ್ಟೆಯನ್ನು ತಿರುವಿನಲ್ಲಿ ಕೇಳಬೇಡಿ, ಇಳಿಜಾರಿನಲ್ಲಿ ಬರುವ ಚಾಲಕನಿಗೆ ದೂರದಿಂದ ಕಾಣುವ ಕಡೆ ಕೇಳಿ. ಬಣ್ಣ ಮಳೆ ಮುಗಿದ ಮೇಲೆ ಹಚ್ಚಲಿ, ಅದೂ ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ ಆಗಿರಲಿ. ಹಣ ಒಂದಕ್ಕೇ ಸಾಕಾಗುವುದಾದರೆ ನಾನಂತೂ ಸ್ಲ್ಯಾಬ್ ರಿಪೇರಿಯನ್ನೇ ಕೇಳುತ್ತೇನೆ.

ಅರ್ಜಿ ಒಂದೇ ಪುಟ ಇರಲಿ. ಸಹಿ ಹಾಕಿಸುವ ಮುಂಚೆ ಅಂಗಡಿಯವರ, ಆಟೊದವರ ಹತ್ತಿರ ಮಾತಾಡಿ. ಪಾರ್ಕಿಂಗ್ ಜಾಗ ಹೋಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಸಾಮಾನು ಇಳಿಸಲು ಬೆಳಿಗ್ಗೆ ಒಂದು ಸಮಯ ಬಿಡೋಣ ಎಂದರೆ ಒಪ್ಪಬಹುದು. ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ (ಬದುಕುವ ಹಕ್ಕು) ಬರುವ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಾರ್ಡ್ ಸದಸ್ಯರಿಗೆ, ಪೊಲೀಸರಿಗೆ ಪ್ರತಿ ಕೊಡಿ. ಹೆದ್ದಾರಿಯ ವಿಷಯವಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳಿಸಿ. ಇಲಾಖೆಗಳೆಲ್ಲ ಒಂದೇ ಮೇಜಿಗೆ ಬರುವುದು ಅಲ್ಲೇ. ನಗರಸಭೆ, ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ತಪ್ಪದೆ ಹೋಗಿ. ಬಜೆಟ್ ಮುಗಿದ ಮೇಲೆ ಕೇಳಿದರೆ ಇನ್ನೊಂದು ಮಳೆಗಾಲ ಕಾಯಬೇಕಾದೀತು.

ಕೆಲಸ ಮುಗಿದ ಮೇಲೆ ಮೊದಲ ಜೋರು ಮಳೆಗೆ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಗುತ್ತಿಗೆದಾರರ ನಿರ್ವಹಣೆ ಅವಧಿ ಮುಗಿಯುವ ಮುಂಚೆಯೇ ಆ ಫೋಟೊ ಎಂಜಿನಿಯರ್ ಕೈಗೆ ತಲುಪಬೇಕು.